ಕೊಡಂಬಲದ ಬಾಡಿಗೆ ಮನೆಯ ನೆಲಹಾಸು: ಒಂದು ಶಾಸ್ತ್ರವಿಚಾರ

ಬಾಡಿಗೆ ಮನೆಯ ನೆಲವೆಂದರೆ ಮಾಲೀಕನ ಹಣದಿಂದ ಹುಟ್ಟಿ, ಬಾಡಿಗೆದಾರನ ಮಂಚದ ಕಾಲಿನಿಂದ ಗೀರಿಸಿಕೊಂಡು, ಕಡೆಗೆ ಠೇವಣಿಯ, ಅಂದರೆ ಮನೆ ಬಿಡುವಾಗ ಮರಳಿಸಬೇಕಾದ ಆದರೆ ಅಷ್ಟರಲ್ಲಿ ಖರ್ಚಾಗಿ ಹೋಗಿರುವ ಮುಂಗಡದ, ಲೆಕ್ಕದಲ್ಲಿ ಮೋಕ್ಷ ಪಡೆಯುವ ವಸ್ತುವೆಂದು ಲಕ್ಷಣ ಹೇಳಬಹುದು. ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಬರೆದು, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ನಿರ್ಣಯಿಸಿದನು. ಹಾಗೆ ಪಾಲಿಗೆ ಬಂದ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುವ, ಹುಮನಾಬಾದ್ ಸೀಮೆಯ ಕೊಡಂಬಲದ ಮಗನು ಅವುಗಳಿಗೆ ಏನು ಹಾಸಬೇಕೆಂಬುದಷ್ಟೇ ಇಲ್ಲಿಯ ವಿಚಾರ.

ಪೂರ್ವಪಕ್ಷವು ಪರಸಿಯದು. ಕಲಬುರಗಿ ಜಿಲ್ಲೆಯ ಶಹಾಬಾದ, ಚಿತ್ತಾಪುರ, ಸೇಡಂ ಕಡೆಯ ಗಣಿಗಳಲ್ಲಿ ಪದರುಪದರಾಗಿ ಏಳುವ ಈ ಸುಣ್ಣಕಲ್ಲು, 1812ರಲ್ಲಿ ಮೋಸ್ ಎಂಬ ಖನಿಜಶಾಸ್ತ್ರಜ್ಞನು ರೂಪಿಸಿದ ಗಡಸುತನದ ಮಾಪಕದಲ್ಲಿ 3ರ ಆಸುಪಾಸಿನದು. ಚಪ್ಪಲಿಗೆ ಅಂಟಿ ಒಳಬರುವ ಮರಳಿನ ಬೆಣಚು 7ರದು. ಹೀಗಾಗಿ ಶಾಸ್ತ್ರಪ್ರಕಾರ ಪರಸಿಯು ಪ್ರತಿದಿನ ಸೋಲಬೇಕು. ಹುಣಸೆಹುಳಿ, ನಿಂಬೆರಸ ಹಾಗೂ ಬಚ್ಚಲು ತೊಳೆಯುವ ಆಸಿಡ್ ಕೂಡ ಅದರ ವೈರಿಗಳೇ. ಆದರೂ ಅದು ಸೋತದ್ದು ಯಾರ ಕಣ್ಣಿಗೂ ಬೀಳದು, ಏಕೆಂದರೆ ಅದರ ಬೂದು ಮೈ ಮೊದಲಿನಿಂದಲೂ ಕಲೆಯ ಬಣ್ಣದ್ದೇ, ಮತ್ತು ಒಡೆದ ಕಲ್ಲಿನ ಜಾಗಕ್ಕೆ ಎಷ್ಟು ವರ್ಷದ ಮೇಲೆ ಬೇರೊಂದನ್ನು ತಂದು ಕೂಡಿಸಿದರೂ ಅದು ಹಳೆಯ ಬಳಗದಲ್ಲಿ ಹೊಂದಿಕೊಳ್ಳುತ್ತದೆ.

ಎದುರುಪಕ್ಷದ್ದು ಗುಜರಾತಿನ ಮೋರ್ಬಿಯಿಂದ ಬರುವ ವಿಟ್ರಿಫೈಡ್ ಟೈಲ್ಸ್, ಎಂದರೆ ಗಾಜಿನಂತಾಗುವವರೆಗೆ ಸುಟ್ಟು, ನೀರು ಹೀರುವ ಗುಣವನ್ನು ಶೇಕಡಾ ಅರ್ಧಕ್ಕಿಂತ ಕೆಳಗಿಳಿಸಿದ ಬಿಲ್ಲೆ. ಗಡಸಿನಲ್ಲಿ ಅದು ಪರಸಿಯನ್ನು ಮೀರಿಸುತ್ತದೆ, ಹೊಳಪಿನಿಂದ ಬಾಡಿಗೆಯನ್ನೂ ಏರಿಸುತ್ತದೆ. ಆದರೆ ಹುಮನಾಬಾದ್–ಬಸವಕಲ್ಯಾಣ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ತಳಪಾಯದೊಳಗೆ ಅದನ್ನೇ ತುಂಬಿಸಿ ದುಡ್ಡುಳಿಸಿದ ಮನೆಯಲ್ಲಿ ಬಿಲ್ಲೆಯು ಮೊದಲು ಪೊಳ್ಳು ಸದ್ದು ಮಾಡಿ, ಆಮೇಲೆ ಸೀಳುತ್ತದೆ. ಆ ಸೀಳಿಗೆ ಖಾರ ಕುಟ್ಟಿದ್ದೇ ಕಾರಣವೆಂದು ಮಾಲೀಕನೂ, ಮಣ್ಣೇ ಕಾರಣವೆಂದು ಬಾಡಿಗೆದಾರನೂ ವಾದಿಸುವಾಗ, ಅಂಗಡಿಯವನು ಆ ಡಿಜೈನ್ ಬರುವುದು ನಿಂತಿತೆಂದು ಮೂರನೆಯ ಪಕ್ಷವನ್ನು ಸ್ಥಾಪಿಸುತ್ತಾನೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಮಿನಂತೆ ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ಸಹಜ ಸವೆತ ಮತ್ತು ತಡೆಯಲಾಗದ ಶಕ್ತಿಯಿಂದಾದ ಬದಲಾವಣೆಗಳನ್ನು ಬಿಟ್ಟು. ಎರೆಮಣ್ಣು ತಡೆಯಲಾಗದ ಶಕ್ತಿಯೇ ಎಂಬುದು ಗಹನವಾದ ಪ್ರಶ್ನೆ. ಗರಸು ತುಂಬಿಸಿ, ನೀರು ಬಿಟ್ಟು, ಧಮ್ಮಸು ಮಾಡಿಸಿದ್ದರೆ ಅದನ್ನು ತಡೆಯಬಹುದಿತ್ತು ಎಂಬುದು ಗೌಂಡಿಯ ಮತ.

ಸಿದ್ಧಾಂತಕ್ಕೆ ಬಂದರೆ, ನೆಲದ ಗಡಸಿಗೂ ಠೇವಣಿಯ ಬಾಳಿಕೆಗೂ ಸಂಬಂಧ ವಿಲೋಮವಾದದ್ದು: ಪರಸಿ ಯಾವ ಅಪರಾಧಕ್ಕೂ ಸಾಕ್ಷಿ ಹೇಳದು, ಟೈಲ್ಸ್ ಪ್ರತಿಯೊಂದಕ್ಕೂ ಹೇಳುತ್ತದೆ. ಮಾಲೀಕನು ತಾನು ಮಲಗುವ ಹಿಂಬದಿಯ ಭಾಗಕ್ಕೆ ಪರಸಿ ಉಳಿಸಿಕೊಂಡು ಬಾಡಿಗೆಯ ಭಾಗಕ್ಕಷ್ಟೇ ಹೊಳಪು ಹಾಸುವುದನ್ನು ಔದಾರ್ಯವೆಂದು ಬಗೆಯುವುದು ಅಪಕ್ವ ವಿದ್ಯಾರ್ಥಿಗಳ ಲಕ್ಷಣ. ನಿಷ್ಪಕ್ಷಪಾತಿಯಾದವನು ಅಡುಗೆಮನೆ, ಅಂಗಳ, ಬಚ್ಚಲುಗಳಿಗೆ ಪರಸಿಯನ್ನೂ, ಮುಂದಿನ ಕೋಣೆಗೆ ಜಾರದ ಒರಟು ಟೈಲ್ಸನ್ನೂ ಹಾಕಿಸಿ, ಒಂದು ಪೆಟ್ಟಿಗೆ ಹೆಚ್ಚಿಗೆ ತಂದು ಮೆಟ್ಟಿಲ ಕೆಳಗಿಡಬೇಕು. ಬಚ್ಚಲಿನ ಇಳಿಜಾರು ಯಾವ ದಿಕ್ಕಿಗಿರಬೇಕೆಂಬುದು ವಾಸ್ತುಪಂಡಿತರಿಗೂ ನೀರಿಗೂ ನಡೆದಿರುವ ವ್ಯಾಜ್ಯವಾದ್ದರಿಂದ ಇಲ್ಲಿ ವಿಚಾರಣೀಯವಲ್ಲ.