ಏಣಿಗೆ ಕೈ ಕೊಟ್ಟವರು

ನಮ್ಮ ಬಡಾವಣೆಗಳ ಯಾವುದೇ ಬೀದಿಯಲ್ಲಿ ಅಲ್ಯೂಮಿನಿಯಂ ಎಕ್ಸ್‌ಟೆನ್ಷನ್ ಏಣಿಯೊಂದನ್ನು ಎಳೆದು ಉದ್ದ ಮಾಡಿ ಗೋಡೆಗೆ ಒರಗಿಸಿದರೆ ಸಾಕು, ಕರೆಯದಿದ್ದರೂ ಒಬ್ಬರು ಬಂದು ಅದರ ಬುಡದಲ್ಲಿ ನಿಲ್ಲುತ್ತಾರೆ. ಹತ್ತುವವನು ಪೇಂಟರ್ ಆಗಿರಬಹುದು, ಟ್ಯಾಂಕ್ ತೊಳೆಯುವವನಾಗಿರಬಹುದು, ದೀಪಾವಳಿಗೆ ಆಕಾಶಬುಟ್ಟಿ ಕಟ್ಟಲು ಹೊರಟ ಸ್ವಂತ ಅಳಿಯನೇ ಆಗಿರಬಹುದು; ಇವರಲ್ಲಿ ಭೇದಭಾವವಿಲ್ಲ. ಪಂಚೆ ಎತ್ತಿ ಕಟ್ಟಿ, ಬಲಗೈ ಏಣಿಯ ಮೇಲಿಟ್ಟು, ಎಡಗೈಯಲ್ಲಿ ಮೊಬೈಲ್ ಹಿಡಿದು, “ನಾನಿದ್ದೀನಲ್ಲ, ಹತ್ತು” ಎನ್ನುತ್ತಾರೆ. ಸಂಜೆ ಮನೆಯಲ್ಲಿ ಕಾಫಿ ಕುಡಿಯುತ್ತಾ “ಇವತ್ತು ಪೂರ್ತಿ ಪೇಂಟಿಂಗ್ ಕೆಲಸ, ಸಾಕಾಗಿಹೋಯ್ತು” ಎಂದು ನಿಟ್ಟುಸಿರು ಬಿಡುವವರೂ ಇವರೇ. ಊರೆಲ್ಲ ಇವರನ್ನು ಪರೋಪಕಾರಿ ಎಂದು ನಂಬಿದೆ. ಏಣಿ ನಿಂತಿರುವುದು ಇವರಿಂದಲ್ಲ, ಇವರು ನಿಂತಿರುವುದೇ ಏಣಿಯಿಂದ ಎಂಬುದು ನನ್ನ ವಾದ.

ಇವರು ಮೊದಲು ಮುಂದಿಡುವ ಸಾಕ್ಷಿ ಒಂದು ಪರೀಕ್ಷೆ. ತಾವೇ ಎರಡು ಮೆಟ್ಟಿಲು ಏರಿ, ಮೊಣಕಾಲು ಮಡಚಿ ಒಮ್ಮೆ ಜಗ್ಗಿ, “ಜಗ್ಗಲ್ಲ, ಬಗ್ಗಲ್ಲ” ಎಂದು ಸರ್ಟಿಫಿಕೇಟು ಕೊಟ್ಟು ಇಳಿಯುತ್ತಾರೆ. ಇದರಿಂದ ಏನೂ ಸಾಬೀತಾಗುವುದಿಲ್ಲ. ನುಣುಪು ಗೋಡೆಗೆ ಒರಗಿದ ಏಣಿಯ ಬುಡ ಎಷ್ಟು ಬಲದಿಂದ ಹೊರಕ್ಕೆ ಜಾರಲು ನೋಡುತ್ತದೆ ಎಂಬುದು ಹತ್ತಿದವನು ಎಷ್ಟು ಮೇಲಿದ್ದಾನೆ ಎಂಬುದನ್ನೇ ಅವಲಂಬಿಸಿದೆ. 20 ಅಡಿಯ ಏಣಿಯಲ್ಲಿ 2 ಅಡಿ ಏರಿ ನಿಂತಾಗ ಇರುವ ಒತ್ತಡ, ತುದಿ ಮುಟ್ಟುವ ಹೊತ್ತಿಗೆ 10 ಪಟ್ಟಾಗಿರುತ್ತದೆ. ಏಣಿಯ ಸ್ವಂತ ತೂಕವನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇನೆ. ಪರೀಕ್ಷೆಯಲ್ಲಿ ಪಾಸಾದ ಏಣಿ ಜಾರುವುದು ಕೆಲಸಕ್ಕೆ ಸೇರಿದ ಮೇಲೆ. ಹಾಗೆ ಜಾರದಂತೆ ಕಾಯುವುದು ಬುಡದ ರಬ್ಬರು ಮತ್ತು ಒರಗಿಸಿದ ಕೋನ. ನಾಲ್ಕಕ್ಕೆ ಒಂದು ಎಂಬ ನಿಯಮವನ್ನು ಜಗತ್ತಿನ ಕಟ್ಟಡ ಕೆಲಸದವರೆಲ್ಲ ಬಲ್ಲರು: ಏಣಿ ಗೋಡೆಗೆ ತಾಗುವ ಜಾಗ 16 ಅಡಿ ಎತ್ತರದಲ್ಲಿದ್ದರೆ ಬುಡ ಗೋಡೆಯಿಂದ 4 ಅಡಿ ದೂರವಿರಬೇಕು, ಅಂದರೆ ನೆಲಕ್ಕೆ ಸುಮಾರು 75 ಡಿಗ್ರಿ. ಕಾರು ಅಡ್ಡ ನಿಂತಿದೆಯೆಂದು ಬುಡವನ್ನು 8 ಅಡಿಗೆ ಎಳೆದರೆ ಜಾರುವ ಒತ್ತಡ ಎರಡರಷ್ಟಾಗುತ್ತದೆ. ಆಗ ಹೊಳೆಯುವ ಟೈಲ್ಸ್ ಮೇಲೆ ಅದನ್ನು ತಡೆಯಬೇಕಾದದ್ದು ಇವರ ಬಲಗೈ. ಆ ಕೈಯೋ ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಪರಿಚಯದವರಿಗೆ ನಮಸ್ಕಾರ ಹೇಳಲು ಮೇಲೆದ್ದಿರುತ್ತದೆ.

“ಯಾರೂ ಇಲ್ಲದ್ದಕ್ಕಿಂತ ಒಬ್ಬರು ಹಿಡಿದುಕೊಂಡಿರುವುದು ಲೇಸಲ್ಲವೇ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಬುಡವನ್ನು ಕಾಲಿನಿಂದ ಒತ್ತಿ ಹಿಡಿದರೆ ಜಾರುವುದು ಅಷ್ಟಿಷ್ಟು ತಪ್ಪೀತು. ಆದರೆ ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಯ ಕೈಪಿಡಿಯೂ ಒಬ್ಬರನ್ನು ಬುಡದಲ್ಲಿ ನಿಲ್ಲಿಸುವುದನ್ನು ಬೇರೆ ದಾರಿಯೇ ಇಲ್ಲದಾಗಿನ ಕಟ್ಟಕಡೆಯ ಉಪಾಯವೆಂದೇ ಇಟ್ಟಿದೆ; ಅದಕ್ಕೂ ಮೊದಲಿನ ಉಪಾಯ ಏಣಿಯನ್ನು ಹಗ್ಗದಿಂದ ಬಿಗಿಯುವುದು. ಕಾರಣ ಸರಳ. ಮೇಲಿರುವವನು ಕಿಟಕಿಯ ಆಚೆ ಮೂಲೆಗೆ ಕೈ ಚಾಚಿ, ಏಣಿಯ ತುದಿ ಪಕ್ಕಕ್ಕೆ ಸರಿಯತೊಡಗಿತು ಎನ್ನಿ. 20 ಅಡಿಯ ತುದಿಯಲ್ಲಿ 10 ಕಿಲೋದಷ್ಟು ಎಳೆತ ಬಿದ್ದರೆ, 4 ಅಡಿ ಎತ್ತರದಲ್ಲಿ ಹಿಡಿದವರು 50 ಕಿಲೋದಷ್ಟು ಬಲ ಹಾಕಿ ಎದುರೆಳೆಯಬೇಕು. ಗ್ಯಾಸ್ ಸಿಲಿಂಡರನ್ನು ಅಡುಗೆಮನೆಯೊಳಕ್ಕೆ ಸಾಗಿಸಲು ಇಬ್ಬರನ್ನು ಕರೆಯುವವರು ಇದನ್ನು ಒಂದೇ ಕೈಯಲ್ಲಿ ಮಾಡುತ್ತಾರೆಂದು ನಂಬಬೇಕು. ಸೊಂಟದ ಬಕಲ್ ಏಣಿಯ ಎರಡು ಕಂಬಗಳ ನಡುವೆಯೇ ಇರುವಂತೆ ನೋಡಿಕೊಂಡು, ಕೈಗೆಟುಕದಾಗ ಇಳಿದು ಏಣಿಯನ್ನೇ ಸರಿಸುವುದು ಸರಿಯಾದ ಕ್ರಮ. ಅದನ್ನು ಕೆಡಿಸುವವರೂ ಇವರೇ: “ಇನ್ನೊಂದು ಚೂರು ಎಡಕ್ಕೆ, ನಿನ್ನ ಎಡ ಅಲ್ಲಯ್ಯಾ, ನನ್ನ ಎಡ, ನಾನು ಹಿಡ್ಕೊಂಡಿದೀನಿ, ಚಾಚು!” ಬುಡದಲ್ಲಿ ಯಾರೂ ಇಲ್ಲದಿದ್ದರೆ ಹೆದರಿ ಇಳಿಯುತ್ತಿದ್ದವನು ಈ ಭರವಸೆಯಿಂದಲೇ ಇನ್ನೊಂದು ಗೇಣು ಚಾಚುತ್ತಾನೆ. ಹಾಗೆ ನೋಡಿದರೆ ಒಬ್ಬರೂ ಇಲ್ಲದಿರುವುದೇ ಕೆಲವೊಮ್ಮೆ ಲೇಸು.

ಏಣಿ ಇವರದೇ ಆಗಿದ್ದರಂತೂ ಇನ್ನೊಂದು ಸಂಕಟ. 10 ಅಡಿಯ ಎರಡು ತುಂಡು ಸೇರಿದರೆ 20 ಅಡಿ ಎಂಬುದು ಅಂಗಡಿಯ ಲೆಕ್ಕ. ತುಂಡುಗಳು ಒಂದರ ಮೇಲೊಂದು ಕನಿಷ್ಠ 3 ಅಡಿ ಹೊಂದಿಕೊಂಡಿರಬೇಕಾದ್ದರಿಂದ ಕೈಗೆ ಸಿಗುವುದು 17 ಅಡಿ. ಛಾವಣಿಗೆ ಇಳಿಯಬೇಕಾದರೆ ಏಣಿ ಅಂಚಿಗಿಂತ 3 ಅಡಿ ಮೇಲಕ್ಕೆ ಚಾಚಿರಬೇಕು; ಅಲ್ಲಿಗೆ ಉಳಿದದ್ದು 14. “20 ಅಡಿಗೆ ದುಡ್ಡು ಕೊಟ್ಟಿದ್ದೀನಿ ಕಣ್ರೀ” ಎಂದು ಹಗ್ಗ ಎಳೆದೇ ಎಳೆಯುತ್ತಾರೆ, ಒಂದು ಕಡೆಯ ಕೊಂಡಿ ‘ಟಕ್’ ಎಂದೊಡನೆ “ಲಾಕ್ ಆಯ್ತು” ಎಂದು ಘೋಷಿಸುತ್ತಾರೆ. ಇನ್ನೊಂದು ಕಡೆಯದನ್ನು ನೋಡುವ ಅಭ್ಯಾಸವಿಲ್ಲ. ಆಯುಧಪೂಜೆಯ ದಿನ ಇದೇ ಏಣಿಗೆ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ ಎಲ್ಲ ಸಲ್ಲುತ್ತದೆ. ಸವೆದ ರಬ್ಬರು ಪಾದಕ್ಕೂ ಕುಂಕುಮವೇ.

ಹಿರಿಯರ ಉದಾಹರಣೆ ಇವರ ಬ್ರಹ್ಮಾಸ್ತ್ರ: ನಮ್ಮಜ್ಜ ಬಿದಿರೇಣಿ ಇಟ್ಟು ಮರದ ತುದಿಗೆ ಹೋಗುತ್ತಿದ್ದರು, ಯಾವ ಡಿಗ್ರಿ ಕಲಿತಿದ್ದರು? ಅಜ್ಜ ಏಣಿ ಇಡುತ್ತಿದ್ದದ್ದು ಮಣ್ಣಿನ ಮೇಲೆ. ಬಿದಿರಿನ ಬುಡ ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು, ತುದಿಯನ್ನು ಮರಕ್ಕೆ ಹಗ್ಗದಿಂದ ಬಿಗಿಯುವ ರೂಢಿಯೂ ಇತ್ತು. ಅಜ್ಜನ ಧೈರ್ಯ ಮಾತ್ರ ಮೊಮ್ಮಗನಿಗೆ ಬಂದಿದೆ, ಹಗ್ಗ ಬಂದಿಲ್ಲ. ಇನ್ನೊಂದು ವ್ಯತ್ಯಾಸ ನಗೆಯ ಮಾತಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿರುವುದು ಎತ್ತರದ ಸಿಲ್ವರ್ ಓಕ್ ಮರಗಳಿಗೆ. ಅವುಗಳ ನಡುವೆಯೇ ವಿದ್ಯುತ್ ತಂತಿ ಹಾದಿರುತ್ತದೆ. ಕೊಯ್ಲಿನ ಕಾಲದಲ್ಲಿ ಮರದಿಂದ ಮರಕ್ಕೆ ಸರಿಸುವ ಅಲ್ಯೂಮಿನಿಯಂ ಏಣಿ ಆ ತಂತಿಗೆ ತಾಗಿ ಕಾರ್ಮಿಕರು ಪ್ರಾಣ ಕಳೆದುಕೊಂಡಿದ್ದಾರೆ. ಅಂಥ ಗಳಿಗೆಯಲ್ಲಿ ನೆಲದ ಮೇಲೆ ನಿಂತು ಏಣಿ ಹಿಡಿದವರ ಮೈಯೇ ವಿದ್ಯುತ್ತಿಗೆ ನೆಲಕ್ಕಿಳಿಯುವ ದಾರಿ. ಏಣಿಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಸಾಗಿಸದೆ ಮಡಚಿ, ಮಲಗಿಸಿ ಒಯ್ಯಬೇಕು. ತಂತಿಯ ಹತ್ತಿರ ಅಲ್ಯೂಮಿನಿಯಂ ಬೇಡವೇ ಬೇಡ. ಇಲ್ಲಿ ಅಜ್ಜನ ಒಣ ಬಿದಿರೇ ವಾಸಿ ಎಂದು ಒಪ್ಪುತ್ತೇನೆ. ಹಸಿ ಬಿದಿರಿಗೆ, ಮಳೆಗೆ ನೆನೆದ ಬಿದಿರಿಗೆ ಆ ಮಾತು ಸಲ್ಲದು.

ಉಳಿದಿರುವ ಆಕ್ಷೇಪಣೆ ಜಾಗದ್ದು. 30-40ರ ಸೈಟಿನಲ್ಲಿ ಮನೆಗೂ ಕಾಂಪೌಂಡಿಗೂ ನಡುವೆ ಮೂರಡಿ ಇದ್ದರೆ ಪುಣ್ಯ, ನಾಲ್ಕಕ್ಕೆ ಒಂದನ್ನು ಎಲ್ಲಿಂದ ತರುವುದು? ನಿಜ, ಅಲ್ಲಿ 16 ಅಡಿ ಎತ್ತರಕ್ಕೆ ಏಣಿ ಒರಗಿಸಿದರೆ ಅದು ಕಡಿದಾಗಿ ನಿಂತು, ಹತ್ತಿದವನನ್ನು ಹೊತ್ತು ಹಿಂದಕ್ಕೆ ಮಗುಚೀತು. ಅಂಥ ಕಡೆ ಏಣಿಯೇ ತಪ್ಪು ಸಾಧನ, ಸಾರುವೆ ಕಟ್ಟಿಸಬೇಕು. ಅದಕ್ಕೆ ಖರ್ಚಿದೆ, ಇವರು ನಿಲ್ಲುವುದು ಪುಕ್ಕಟೆ. ಹಾಗಾಗಿ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಇಷ್ಟಾದರೂ ಇವರನ್ನು ಬೀದಿಯಿಂದ ಓಡಿಸಬೇಕೆಂಬುದು ನನ್ನ ವಾದವಲ್ಲ, ಮಾಡಿಸಲು ಕೆಲಸಗಳು ಬೇಕಾದಷ್ಟಿವೆ. ಏಣಿಯ ಹಿಂದಿನ ಬಾಗಿಲನ್ನು ಒಳಗಿನಿಂದ ಯಾರೂ ತೆರೆಯದಂತೆ ಕಾಯಬಹುದು, ಸ್ಕೂಟರು ಹಿಂದಕ್ಕೆ ತೆಗೆಯುವ ಹುಡುಗನನ್ನು ತಡೆಯಬಹುದು, ಬ್ರಷ್ಷು ಡಬ್ಬಿಗಳನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದರೆ ಹತ್ತುವವನ ಎರಡು ಕೈಯೂ ಏಣಿಗೇ ಉಳಿಯುತ್ತವೆ. ಎಲ್ಲವೂ ನಿಜಕ್ಕೂ ಉಪಯೋಗದ ಕೆಲಸಗಳು. ಆದರೆ ಇವುಗಳಲ್ಲಿ ಯಾವುದನ್ನು ಮಾಡುವಾಗಲೂ ಬಲಗೈ ಏಣಿಯ ಮೇಲಿಟ್ಟು ನಿಲ್ಲುವ ಅವಕಾಶವಿಲ್ಲವಾದ್ದರಿಂದ, ಇವರು ಒಪ್ಪುವುದು ಅನುಮಾನ.