ಬಾಯಿ ಬಿಡದ ರೌಟರ್

ಕದ್ರಾದಲ್ಲಿ ಯಾರ ಮನೆಯ ವೈಫೈ ಕೈಕೊಟ್ಟರೂ ಮೊದಲ ಆರೋಪಿ ಮಳೆ, ಎರಡನೆಯದು ಅಣೆಕಟ್ಟೆ. ಎರಡೂ ಸಾಲದಿದ್ದರೆ ಪಕ್ಕದಲ್ಲಿ ಕೈಗಾ ಇದ್ದೇ ಇದೆಯಲ್ಲ! ನಮ್ಮ ಭಾವನ ವಾದ ಕೇಳಿ: "ಇಷ್ಟು ಹತ್ರ ಅಣುಸ್ಥಾವರ ಇಟ್ಕೊಂಡು ಸಿಗ್ನಲ್ ನೆಟ್ಟಗಿರು ಅಂದ್ರೆ ಹ್ಯಾಗಿರ್ತದೆ ಮಾರಾಯಾ?" ಪಾಪದ ಕೈಗಾ. ಅದರ ಒಂದನೇ ಘಟಕ 2018ರ ಕೊನೆಗೆ 962 ದಿನ ಎಡೆಬಿಡದೆ ಓಡಿ ಆಗಿನ ಜಾಗತಿಕ ದಾಖಲೆ ಮಾಡಿತು. ಭಾವನ ಲ್ಯಾಪ್‌ಟಾಪ್ ಒಂದು ಸಿನಿಮಾ ಮುಗಿಯುವತನಕ ಓಡಿದರೆ ಅದೇ ದಾಖಲೆ.

ಸೂಪಾದಲ್ಲಿ ನಿಂತ ಕಾಳಿ ನದಿಯ ನೀರು ನಾಗಝರಿ, ಕೊಡಸಳ್ಳಿಗಳಲ್ಲಿ ದುಡಿದು ಇಲ್ಲಿಗೆ ಬಂದು, ಕೈಗಾದ ಮೈ ತಂಪು ಮಾಡಿ, ಕದ್ರಾದ 150 ಮೆಗಾವಾಟ್ ಪವರ್‌ಹೌಸನ್ನೂ ತಿರುಗಿಸಿ ಕಾರವಾರದ ದಾರಿ ಹಿಡಿಯುತ್ತದೆ. ಇಂಥ ಊರಲ್ಲಿ ಜಗಲಿಯ ರೌಟರಿನಿಂದ ಒಳಕೋಣೆಯ ಲ್ಯಾಪ್‌ಟಾಪಿಗೆ ಒಂದು ಮಾತು ದಾಟುತ್ತಿಲ್ಲವೆಂದರೆ!

ಮಳೆ ಪೂರ್ತಿ ನಿರಪರಾಧಿಯೇನಲ್ಲ. ನೀರು ವೈಫೈ ಅಲೆಗಳನ್ನು ಹೀರುತ್ತದೆ. ಆಷಾಢದಲ್ಲಿ ನೆನೆದ ಚಿರೇಕಲ್ಲಿನ ಗೋಡೆ ದಾಟಲು 5 ಗಿಗಾಹರ್ಟ್ಸ್ ಸಿಗ್ನಲ್ ತಿಣುಕುತ್ತದೆ, 2.4 ಹೇಗೋ ನುಸುಳುತ್ತದೆ. ಆದರೆ ಗೀಟುಗಳೆಲ್ಲ ತುಂಬಿದ್ದೂ "ಈ ನೆಟ್‌ವರ್ಕಿಗೆ ಸೇರಲಾಗಲಿಲ್ಲ" ಅಂತ ಬಂದರೆ ಆಕಾಶ ನೋಡಿ ಪ್ರಯೋಜನವಿಲ್ಲ ಭಾವ, ಪಾಸ್‌ವರ್ಡಿನ ಬೀಗ ನೋಡಬೇಕು.

ಹಳೇ ವೆಪ್ ಬೀಗದ ಕಾಲದ ತಮಾಷೆಯೇ ಬೇರೆ. ಕೀಲಿ ತಪ್ಪಿದ್ದರೂ ಎಷ್ಟೋ ಸಲ "ಕನೆಕ್ಟೆಡ್" ಎಂದು ನಗುನಗುತ್ತಾ ತೋರಿಸಿ, 169.254ರಿಂದ ಶುರುವಾಗುವ ಪೊಳ್ಳು ವಿಳಾಸ ಕೊಟ್ಟು ಕೂರಿಸುತ್ತಿತ್ತು. 2001ರಲ್ಲೇ ಅದರ ಬಂಡವಾಳ ಬಯಲಾಯಿತು. 2004ರಲ್ಲಿ ಬಂದ ಡಬ್ಲ್ಯುಪಿಎ2 ಮಹಾ ಮೌನಿ. ಅದರಲ್ಲಿ ಪಾಸ್‌ವರ್ಡ್ ಗಾಳಿಯಲ್ಲಿ ಹೋಗುವುದೇ ಇಲ್ಲ. ವೈಫೈನ ಹೆಸರನ್ನೂ ಪಾಸ್‌ವರ್ಡನ್ನೂ ಕೂಡಿಸಿ 4,096 ಸಲ ಅರೆದು ಎರಡೂ ಕಡೆ ಒಂದೊಂದು ಕೀಲಿ ಮಾಡಿಕೊಳ್ಳುತ್ತಾರೆ. ರೌಟರ್ ಒಂದು ಸಂಖ್ಯೆ ಕಳಿಸುತ್ತದೆ. ಲ್ಯಾಪ್‌ಟಾಪ್ ತನ್ನದೊಂದು ಸಂಖ್ಯೆ ಸೇರಿಸಿ ಮುದ್ರೆ ಒತ್ತಿ ಮರಳಿಸುತ್ತದೆ. ಮುದ್ರೆ ತಾಳೆಯಾಗದಿದ್ದರೆ ರೌಟರ್ "ತಪ್ಪು" ಎನ್ನುವುದಿಲ್ಲ. ಹುಡುಗಿಯನ್ನು ನೋಡಿ, ಉಪ್ಪಿಟ್ಟು ತಿಂದು, "ಊರಿಗೆ ಹೋಗಿ ತಿಳಿಸ್ತೇವೆ" ಎಂದ ಗಂಡಿನ ಕಡೆಯವರ ಹಾಗೆ ಸುಮ್ಮನಾಗಿಬಿಡುತ್ತದೆ. ಕಾದು ಕಾದು ಲ್ಯಾಪ್‌ಟಾಪ್ ತಾನೇ ಏನೋ ಊಹಿಸಿ ಹೇಳುತ್ತದೆ. ಉಳಿದದ್ದನ್ನು ಭಾವ ಊಹಿಸುತ್ತಾರೆ.

ಊಹೆಗಿಂತ ಫೋನ್ ಒಳ್ಳೆಯದು. ಅದೇ ಕೋಣೆಯಲ್ಲಿ ಅಕ್ಕನ ಫೋನಿಗೆ ವೈಫೈ ಸಲೀಸಾಗಿ ಬರುತ್ತಿತ್ತು. ಅಲ್ಲಿಗೆ ರೌಟರ್, ಮಳೆ, ಅಣುಸ್ಥಾವರ ಮೂರೂ ಖುಲಾಸೆ. ಹಳೇ ಲ್ಯಾಪ್‌ಟಾಪಿಗೆ 2018ರ ಹೊಸ ಡಬ್ಲ್ಯುಪಿಎ3 ಬೀಗ ಗೊತ್ತಿರದೆಯೂ ಹೀಗಾಗುವುದುಂಟು. ಆಗ ರೌಟರಿನಲ್ಲಿ ಎರಡೂ ಬೀಗ ಒಪ್ಪುವ ಆಯ್ಕೆ ಒತ್ತಿದರೆ ಸಾಕು. ಇಲ್ಲಿ ಅದೂ ಅಲ್ಲ. ಲ್ಯಾಪ್‌ಟಾಪಿನಲ್ಲಿ "ಫರ್ಗೆಟ್" ಒತ್ತಿಸಿ, ನೆನಪಿಟ್ಟಿದ್ದ ಹಳೆಯದನ್ನು ಮರೆಸಿ, ಕಣ್ಣಿನ ಗುರುತು ಒತ್ತಿ ಕಾಣುವಂತೆ ಟೈಪು ಮಾಡಿ ಭಾವ ಅಂದೆ. ಕುಲದೇವರ ಹೆಸರು ಸರಿ ಬಂತು. ಹಿಂದೆಯೇ ಮದುವೆಯಾದ ವರ್ಷ.

"ಅದಾ ವರ್ಷ?" ಅಡುಗೆಮನೆಯಿಂದ ಅಕ್ಕ ಸೌಟು ಹಿಡಿದೇ ಬಂದಳು.

ಒಂದೇ ಅಂಕಿ ತಪ್ಪಿದರೂ ಅರೆದು ಬರುವ ಕೀಲಿ ಪೂರಾ ಬೇರೆ. ಮುಕ್ಕಾಲುಪಾಲು ಸರಿ ಎಂಬ ರಿಯಾಯಿತಿ ರೌಟರಿನಲ್ಲಿಲ್ಲ, ಅಕ್ಕನಲ್ಲೂ ಇಲ್ಲ. ಅವಳು ಹೇಳಿದ ವರ್ಷ ಹಾಕಿದ ತಕ್ಷಣ ವೈಫೈ ಬಂತು. ಪಾಸ್‌ವರ್ಡಿಗೆ ಬೇರೆ ಏನಾದರೂ ಇಡೋಣ ಎಂದು ಭಾವ ಆಗಿನಿಂದ ಗೋಗರೆಯುತ್ತಿದ್ದಾರೆ. ಅಕ್ಕ ಒಪ್ಪುತ್ತಿಲ್ಲ.