ಮುದುಕನನ್ನು ಸುಡುವ ಊರಿನವರು

ಸಾಂತಾಕ್ಲಾಸನನ್ನು ಸುಡುವ ಜಿಲ್ಲೆಯಿಂದ ಬಂದ ಕುಟುಂಬವೊಂದು ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿದೆ. ಹಾಗೆಂದು ಅಲ್ಲಿನ ಶಾಲೆಯೊಂದರ ಎರಡನೆಯ ತರಗತಿಯ ಮಕ್ಕಳೆಲ್ಲ ನಂಬಿದ್ದಾರೆ. ನಂಬಿಸಿದವಳು ಆರು ವರ್ಷದ ಹುಡುಗಿ. ಅವಳಿಗೆ ಹೇಳಿಕೊಟ್ಟವರು ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನಿಂದ ಆರು ತಿಂಗಳ ವೀಸಾದ ಮೇಲೆ ಬಂದಿರುವ ಮುತ್ಯಾ. 2025ರ ಡಿಸೆಂಬರಿನಲ್ಲಿ ಟೀಚರಿಂದ ಬಂದ ಸಂದೇಶ ಬಹಳ ಮರ್ಯಾದೆಯದು: ಮನೆಯಲ್ಲಿ ಎಲ್ಲರೂ ಕ್ಷೇಮವೇ, ಮಗು ಬೆಂಕಿಯ ಬಗ್ಗೆ ಏನೋ ಹೇಳುತ್ತಿದ್ದಾಳೆ, ಮೂವರು ಮಕ್ಕಳು ಅತ್ತುಬಿಟ್ಟರು, ಒಮ್ಮೆ ಬಂದು ಹೋಗಲಾದೀತೇ?

ಮುತ್ಯಾ ಸುಳ್ಳು ಹೇಳಿರಲಿಲ್ಲ, ಅದೇ ತೊಂದರೆ. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಡಿಸೆಂಬರ್ 31ರ ರಾತ್ರಿ 'ಓಲ್ಡ್‌ಮ್ಯಾನ್' ಸುಡುವುದು ಬ್ರಿಟಿಷರ ದಂಡು ಇದ್ದ ಕಾಲದಿಂದ ಬಂದ ರೂಢಿ ಎನ್ನುತ್ತಾರೆ. ಹುಲ್ಲು, ಕಾಗದ ತುರುಕಿ, ಕೋಟು ಪ್ಯಾಂಟು ತೊಡಿಸಿದ ಮುದುಕರು ವರ್ಷದ ಕೊನೆಗೆ ರಸ್ತೆಬದಿಯಲ್ಲಿ ಮಾರಾಟಕ್ಕೆ ನಿಲ್ಲುತ್ತಾರೆ. ಹನ್ನೆರಡು ಹೊಡೆದೊಡನೆ ಬೆಂಕಿ. ಹೋಗುವುದು ಹಳೆಯ ವರ್ಷ. ಕೇರಳದ ಫೋರ್ಟ್ ಕೊಚ್ಚಿಯಲ್ಲೂ 'ಪಪ್ಪಾಂಜಿ' ಎಂಬ ಹೆಸರಿನ ಮುದುಕನಿಗೆ ಇದೇ ಗತಿ. ಆರು ವರ್ಷದ ಹುಡುಗಿಗೆ ಇದನ್ನೆಲ್ಲ ಹೇಳಿದವರು, ಆ ಮುದುಕ ಬೇರೆ, ಕೆಂಪು ಅಂಗಿಯ ಮುದುಕ ಬೇರೆ ಎಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

ಬೇಕೆಂದೇ ಹೇಳಲಿಲ್ಲ. ಅದರ ಹಿಂದೆ ರೊಕ್ಕದ ವಿಚಾರವಿತ್ತು.

ಆ ವರ್ಷ ಮನೆಯ ವೀಸಾ ನವೀಕರಣಕ್ಕೆ ಬಂದಿತ್ತು. ಬ್ರಿಟನ್ ಸರ್ಕಾರ ವೀಸಾ ಶುಲ್ಕವಲ್ಲದೆ ಆರೋಗ್ಯದ ಹೆಸರಿನಲ್ಲಿ ಇನ್ನೊಂದು ಸರ್‌ಚಾರ್ಜ್ ಹಾಕುತ್ತದೆ. 2024ರ ಫೆಬ್ರುವರಿಯಿಂದ ದೊಡ್ಡವರಿಗೆ ತಲಾ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ, ಹೆಂಡತಿ, ಎರಡು ಮಕ್ಕಳು, ಮೂರು ವರ್ಷ: ಒಟ್ಟು 10,866 ಪೌಂಡ್, ಅದೂ ಮುಂಗಡ. ಮುತ್ಯಾ ಇದನ್ನು ತಮಗೆ ತಿಳಿಯುವ ನಾಣ್ಯಕ್ಕೆ ಬದಲಾಯಿಸಿದರು. ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಕೇಳಿ ಧರಣಿ ಕೂತಿದ್ದರು, ಸರ್ಕಾರ 3,300 ಎಂದಿತ್ತು. (ತಾವು ಊರಲ್ಲಿದ್ದಿದ್ದರೆ 3,500 ಆಗಿಯೇ ತೀರುತ್ತಿತ್ತೆಂಬುದು ಮುತ್ಯಾನ ದೃಢ ನಂಬಿಕೆ.) ಪೌಂಡಿಗೆ 120 ರೂಪಾಯಿ ಹಿಡಿದರೆ ಟನ್ನು ಕಬ್ಬಿಗೆ ಇಪ್ಪತ್ತೇಳೂವರೆ ಪೌಂಡು. ಸರ್‌ಚಾರ್ಜು 395 ಟನ್ನು. ಎಕರೆಗೆ 40 ಟನ್ನಿನ ಲೆಕ್ಕದಲ್ಲಿ ಹತ್ತು ಎಕರೆ ಕಬ್ಬು, ಯಾರಿಗೂ ಜಡ್ಡು ಬರುವ ಮೊದಲೇ ಅರೆದು ಹೋಯಿತು.

ಅದಾದ ಮೇಲೆ ಸೊಸೆ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದಳು: ಕ್ರಿಸ್ಮಸ್, ಒಟ್ಟು 150 ಪೌಂಡ್, ಒಂದು ಪೆನ್ನಿ ಹೆಚ್ಚಿಲ್ಲ.

ಈ ಹೊತ್ತಿನಲ್ಲೇ ಮೊಮ್ಮಗಳು ಸಾಂತಾನನ್ನು ನೋಡಬೇಕೆಂದಳು. ಡಿಸೆಂಬರಿನಲ್ಲಿ ಶಾಪಿಂಗ್ ಮಾಲುಗಳಲ್ಲಿ ಗುಹೆಯಂಥದ್ದೊಂದು ಕಟ್ಟಿ ಸಾಂತಾನನ್ನು ಕೂರಿಸಿರುತ್ತಾರೆ. ಟಿಕೆಟ್ಟು ಮಗುವಿಗೆ ಹನ್ನೆರಡು ಪೌಂಡ್, ದೊಡ್ಡವರಿಗೆ ಐದು, ಫೋಟೊಗೆ ಬೇರೆ. ಎರಡು ಮಕ್ಕಳು, ಜೊತೆಗೊಬ್ಬ ದೊಡ್ಡವರು ಎಂದರೆ, ಮುದುಕನೊಬ್ಬನ ಮುಖ ನೋಡಲು ಒಂದು ಟನ್ನಿಗೂ ಮೇಲೆ ಕಬ್ಬು!

"ಮನ್ಯಾಗ ಪುಕ್ಕಟ ಕುಂತೇನಿ, ನನ್ನ ನೋಡ್ವಾ" ಎಂದರು ಮುತ್ಯಾ. ಮೊಮ್ಮಗಳು ಒಪ್ಪಲಿಲ್ಲ. ಆಗ ಹೊರಬಿತ್ತು ಬ್ರಹ್ಮಾಸ್ತ್ರ: "ನಮ್ಮ ಬೆಳಗಾವ್ಯಾಗ ಇಂಥಾ ಮುದುಕರಿಗೆ ರೊಕ್ಕ ಕೊಡೂದಿಲ್ಲ. ಮೂವತ್ತೊಂದನೇ ತಾರೀಕ ಸುಟ್ಟ ಬಿಡತೇವಿ."

ಶಾಲೆಗೆ ಮಗ, ಸೊಸೆ ಇಬ್ಬರೇ ಹೋಗುವುದೆಂದು ನಿರ್ಧಾರವಾಗಿತ್ತು. ಮುತ್ಯಾ ಧೋತರ, ಪಟಕಾ, ಅದರ ಮೇಲೆ ಮಗನ ಹಳೆಯ ಪಾರ್ಕಾ ಜಾಕೆಟ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಆರೋಪಿಯಿಲ್ಲದೆ ವಿಚಾರಣೆ ಹೆಂಗ? ಇಡೀ ದಾರಿ ಸೊಸೆ "ಮಾವಾರ, ನೀವೇನೂ ಮಾತಾಡಬ್ಯಾಡ್ರಿ" ಎನ್ನುತ್ತಿದ್ದಳು. ಮುತ್ಯಾ "ಇಲ್ಲವಾ, ಬಾಯಿ ತೆರೆಯೂದಿಲ್ಲ" ಎನ್ನುತ್ತಿದ್ದರು.

ಟೀಚರ್ ನಮಸ್ಕಾರ ಹೇಳಿದ್ದೇ ತಡ, ತೆರೆದರು. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗಿಸಿ ಕುಳಿತು, ಹುಲ್ಲು ಯಾವುದು, ಎಷ್ಟು ಬಿಗಿ ತುಂಬಬೇಕು, ಹೊಟ್ಟೆಯೊಳಗೆ ಪಟಾಕಿ ಎಲ್ಲಿಟ್ಟರೆ ಚಲೋ ಎಂಬುದನ್ನೆಲ್ಲ ವಿವರಿಸಿದರು. ಮಗ ನಾಲ್ಕೇ ಶಬ್ದದಲ್ಲಿ ಮುಗಿಸಲು ನೋಡಿದ. ಆದರೆ ಪಕ್ಕದಲ್ಲಿದ್ದ ಮೊಮ್ಮಗಳು ಯಾವುದನ್ನೂ ಬಿಡದೆ ಟೀಚರಿಗೆ ಒಪ್ಪಿಸಿದಳು. ಕೊನೆಗೆ ತನ್ನದೊಂದು ಸಮಾಧಾನವನ್ನೂ ಸೇರಿಸಿದಳು: ಮುತ್ಯಾ ಎಲ್ಲರನ್ನೂ ಸುಡುವುದಿಲ್ಲ, ವಯಸ್ಸಾದವರನ್ನು ಮಾತ್ರ. ಟೀಚರ್ ನಿವೃತ್ತಿಯ ಅಂಚಿನಲ್ಲಿದ್ದವರು. ನೀರು ಕುಡಿದರು.

ಸೊಸೆ ನೆಲ ನೋಡುತ್ತಿದ್ದಳು. ಆ ಗಳಿಗೆಯಲ್ಲಿ ಮುತ್ಯಾನಿಗೆ ನವೆಂಬರ್ ಐದರ ರಾತ್ರಿ ನೆನಪಾಯಿತು. ಅಂದು ಇದೇ ಊರಿನ ಮೈದಾನದಲ್ಲಿ ಮಗನೇ ಕರೆದೊಯ್ದು ತೋರಿಸಿದ್ದ ಬೆಂಕಿ. 1605ರಲ್ಲಿ ಪಾರ್ಲಿಮೆಂಟಿನ ಅಡಿಯಲ್ಲಿ ಮದ್ದಿನ ಪೀಪಾಯಿಗಳ ಜೊತೆ ಸಿಕ್ಕಿಬಿದ್ದ ಗೈ ಫಾಕ್ಸನನ್ನು ಇಂಗ್ಲಿಷರು ಗೊಂಬೆ ಮಾಡಿ ಇಂದಿಗೂ ಸುಡುತ್ತಾರೆ. ಹಿಂದೆ ಮಕ್ಕಳು ಆ ಗೊಂಬೆಯನ್ನು ಬೀದಿಯಲ್ಲಿಟ್ಟು ಪೆನ್ನಿ ಕೂಡಿಸುತ್ತಿದ್ದರು. ಮುತ್ಯಾ ಬೆರಳು ಮಡಿಚಿ ಲೆಕ್ಕ ಹಾಕಿದರು.

"ತಮ್ಮಾ, ಅಕ್ಕಾರಿಗೆ ಹೇಳು. ನಾವು ವರ್ಷಕ್ಕೊಬ್ಬ ಹೊಸಾ ಮುದುಕನ್ನ ಸುಡತೇವಿ. ಇವರು ಒಬ್ಬನ್ನs ನಾನೂರಾ ಇಪ್ಪತ್ತು ವರ್ಷದಿಂದ ಸುಡಾಕತ್ತಾರ. ಯಾರದು ಫೋರ್‌ಟ್ವೆಂಟಿ?"

ಮಗ ಇದನ್ನು ಹೇಳಲಿಲ್ಲ, ಮೊಮ್ಮಗಳು ಹೇಳಿದಳು. ಟೀಚರ್ ನಕ್ಕುಬಿಟ್ಟರು. ಮರುದಿನ ತರಗತಿಯಲ್ಲಿ ಭಾರತದ ಭೂಪಟ ಬಿಡಿಸಿ ಬೆಳಗಾವಿಗೊಂದು ಚುಕ್ಕಿ ಇಟ್ಟರಂತೆ. ಕಬ್ಬೂರಿಗೆ ಇಡಲಿಲ್ಲವೆಂದು ಮುತ್ಯಾನಿಗೆ ಇನ್ನೂ ಸಿಟ್ಟಿದೆ.

ಇನ್ನುಳಿದ ಯುದ್ಧಗಳು ಚಿಕ್ಕವು. ಅಲ್ಲಿನ ಶಾಲೆಗಳಲ್ಲಿ ಕ್ರಿಸ್ಮಸ್ ಸ್ವೆಟರಿನ ದಿನವೊಂದಿದೆ. 'ಸೇವ್ ದಿ ಚಿಲ್ಡ್ರನ್' ಸಂಸ್ಥೆ 2012ರಲ್ಲಿ ಶುರುಮಾಡಿದ್ದು, ಚಿತ್ರವಿರುವ ಸ್ವೆಟರ್ ಹಾಕಿಕೊಂಡು ಬಂದು ಪೌಂಡೋ ಎರಡೋ ದಾನ ಕೊಡಬೇಕು. ನಮ್ಮ ಸ್ವೆಟರು ಹಾಕಿಕೊಳ್ಳಲು ನಾವೇ ರೊಕ್ಕ ಕೊಡುವ ಈ ಏರ್ಪಾಡು ಮುತ್ಯಾನ ತಲೆಗೆ ಹೋಗಲೇ ಇಲ್ಲ. ಮುತ್ಯಾನ ಜೊತೆ ಬಂದಿದ್ದ ಅವರ ಹೆಂಡತಿ, ಮಕ್ಕಳ ಆಯಿ, ಮಾತಾಡದೆ ಹಳೆಯ ಸ್ವೆಟರಿಗೆ ಕೌದಿ ಹೊಲಿಯುವ ಕೈಯಿಂದ ಬಟ್ಟೆ ತುಂಡು ಕೂಡಿಸಿ ಹಿಮಸಾರಂಗ ಹೊಲಿದಳು. ಅದು ಕೋಡಿಗೆ ಗೊಂಡೆ ಕಟ್ಟಿದ ಜೋಡೆತ್ತಿನಲ್ಲಿ ಎಡಗಡೆಯದಾಗಿ ಮೂಡಿಬಂತು.

ಮರ 45 ಪೌಂಡ್. ಇದರ ಮೇಲೆ ಮುತ್ಯಾನ ತಕರಾರು ಬೆಲೆಯದಲ್ಲ, ಬೇರಿನದು. ಕಡಿದ ಗಿಡಕ್ಕೆ ರೊಕ್ಕ ಕೇಳುವುದಾದರೆ ಕಬ್ಬಿನ ಹಾಗೇ ಕೊಡಲಿ, ತೂಗಿ ಕೊಡಲಿ! ಮಾರುವವನಿಗೆ ತಕ್ಕಡಿ ಕೇಳಿದರು. ಮಗ ಮರ ಹೆಗಲಿಗೇರಿಸಿ ಓಡಿದ. ಡಿಸೆಂಬರ್ 19ರಂದು ಎಳ್ಳ ಅಮವಾಸಿ. ಊರಲ್ಲಾಗಿದ್ದರೆ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ. ರೆಡಿಂಗಿನಲ್ಲಿ ಹೊಲ ಎಲ್ಲಿ? ಸೊಸೆ ಆಫೀಸಿನಿಂದ ಬರುವಷ್ಟರಲ್ಲಿ ಆಯಿ ಕಡಬು, ಸಜ್ಜಿ ರೊಟ್ಟಿಯ ಚೂರು, ಪುಂಡಿಪಲ್ಯವನ್ನು ಕ್ರಿಸ್ಮಸ್ ಮರದ ಬುಡಕ್ಕೆ ಹೊಸ ಕಾರ್ಪೆಟ್ಟಿನ ಮೇಲೆ ಚೆಲ್ಲಿ ಕೈಮುಗಿದು ನಿಂತಿದ್ದಳು. ಮನೆಯಲ್ಲಿ ಹಸಿರು ಎಂಬುದು ಅದೊಂದೇ ಇತ್ತು. ಸೊಸೆ ಬೈಯಲು ಬಾಯಿ ತೆರೆದವಳು ವ್ಯಾಕ್ಯೂಮ್ ಕ್ಲೀನರ್ ತಂದಳು, ಆದರೆ ಆಯಿ ಮಲಗಿದ ಮೇಲೆ.

ನಿಜವಾಗಿ ಮನೆ ಎರಡು ಪಾಲಾದದ್ದು ಕ್ಯಾರೆಟ್ಟಿಗೆ. ಕ್ರಿಸ್ಮಸ್ಸಿಗೆ ಮುಂಚಿನ ವಾರ ಬ್ರಿಟನ್ನಿನ ಸೂಪರ್‌ಮಾರ್ಕೆಟ್ಟುಗಳು ಗಿರಾಕಿಯನ್ನು ಒಳಗೆಳೆಯಲು ಕ್ಯಾರೆಟ್, ಆಲೂಗಡ್ಡೆ, ಬ್ರಸೆಲ್ಸ್ ಸ್ಪ್ರೌಟನ್ನು ಪೈಪೋಟಿಗೆ ಬಿದ್ದು ಮಾರುತ್ತವೆ. ಈಚಿನ ವರ್ಷಗಳಲ್ಲಿ ಒಂದು ಪೊಟ್ಟಣ 15 ಪೆನ್ನಿಗೂ ಕೆಳಗಿಳಿದಿದೆ, ಎಂದರೆ 18 ರೂಪಾಯಿಗೂ ಕಮ್ಮಿ. ಸೊಸೆಯ ಕಣ್ಣು ಅರಳಿತು, ಮುತ್ಯಾನ ಮುಖ ಕಪ್ಪಿಟ್ಟಿತು. "ಕಿತ್ತದ್ದು, ತೊಳದದ್ದು, ಚೀಲ, ಗಾಡಿ ಬಾಡಿಗಿ... ಬೆಳದಾಂವಗ ಏನ್ ಉಳೀತು?" ನಷ್ಟ ತಮ್ಮದೇ, ರೈತನದಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ತರಕಾರಿಗೆ ಬೆಲೆಯೇ ಇಲ್ಲವೆಂದು ಜನ ತಿಳಿದುಕೊಳ್ಳುತ್ತಾರೆಂಬುದು ಅಲ್ಲಿನ ರೈತರ ಅಳಲು. ಮುತ್ಯಾ ಆ ಕ್ಷಣವೇ ಇಂಗ್ಲಿಷ್ ರೈತರ ಪರ ನಿಂತು, ಟ್ರಾಲಿಯಿಂದ ಒಂದೊಂದೇ ಪೊಟ್ಟಣ ಹೊರಗಿಟ್ಟರು. ಆಯಿ ಇನ್ನೊಂದು ಕಡೆಯಿಂದ ಒಳಗಿಟ್ಟಳು. ಎಂಟು ಪೊಟ್ಟಣ ಮನೆಗೆ ಬಂದವು. ಕ್ಯಾರೆಟ್ಟಿನ ಪಲ್ಯ, ಕೋಸಂಬರಿ ಯಾವುದನ್ನೂ ಮುತ್ಯಾ ಮುಟ್ಟಲಿಲ್ಲ. ಹಲ್ವಾ ಮಾತ್ರ ಎರಡು ಸಲ ಹಾಕಿಸಿಕೊಂಡರು. ಕೇಳಿದ್ದಕ್ಕೆ, "ಅದರಾಗ ಸಕ್ಕರಿ ಐತಿ. ಸಕ್ಕರಿ ನಮ್ಮದು."

ಇಪ್ಪತ್ತೈದರಂದು ರೈಲಿಲ್ಲ. 2004ರ ಕಾಯ್ದೆಯಂತೆ ದೊಡ್ಡ ಅಂಗಡಿಗಳೂ ತೆರೆಯುವಂತಿಲ್ಲ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೆ ಹೋಗಿಬರೋಣವೆಂದು (ನೋಡಲು ಟಿಕೆಟ್ಟಿಲ್ಲ ಎಂಬುದು ಮುಖ್ಯ ಕಾರಣ) ಪಟಕಾ ಸುತ್ತಿಕೊಂಡಿದ್ದ ಮುತ್ಯಾ "ಇದು ಹಬ್ಬ ಅಲ್ಲ, ಬಂದ್" ಎಂದು ಕುಳಿತರು. ಊಟಕ್ಕೆ ಟರ್ಕಿ ಕೋಳಿಯ ಜಾಗದಲ್ಲಿ ಬ್ರಸೆಲ್ಸ್ ಸ್ಪ್ರೌಟಿನ ಎಣ್ಣೆಗಾಯಿ. ಬದನೆಕಾಯಿ ಸೀಳುವ ಹಾಗೆ ನಾಲ್ಕು ಸೀಳು ಹಾಕಿ, ಶೇಂಗಾ, ಗುರೆಳ್ಳಿನ ಪುಡಿ ತುಂಬಿದ್ದಳು ಆಯಿ. ರೊಟ್ಟಿಗೆ ಚಲೋ ಹೊಂದಿತು.

ಅಷ್ಟಾದರೂ ಬಜೆಟ್ಟು ಮೀರಿತು. ಎಲ್ಲರೂ ಆಯಿಯನ್ನು ನೋಡಿದರು. ಆಗ ಮುತ್ಯಾನ ಕೋಟಿನ ಕಿಸೆಯಿಂದ ಒಂದು ಫೋಟೊ ಬಿತ್ತು. ಇಪ್ಪತ್ಮೂರರ ರಾತ್ರಿ ಮೊಮ್ಮಗಳು ನಿದ್ದೆ ಮಾಡಿರಲಿಲ್ಲ. ಸುಡುವವರ ಮನೆಗೆ ಸಾಂತಾ ಬರುವುದಿಲ್ಲವೆಂದು ಶಾಲೆಯಲ್ಲಿ ಯಾರೋ ಹೇಳಿದ್ದರು. ಮರುದಿನ ಪಾರ್ಕಿಗೆಂದು ಎರಡೂ ಮಕ್ಕಳನ್ನು ಕರೆದುಕೊಂಡು ಹೋದ ಮುತ್ಯಾ ನೇರ ಮಾಲಿಗೆ ನಡೆದು, ಮಗ ತುರ್ತಿಗೆಂದು ಕೊಟ್ಟಿದ್ದ ನೋಟುಗಳಲ್ಲಿ ಟಿಕೆಟ್ಟು ಕೊಂಡು, ಸಾಂತಾನ ಕೈ ಹಿಡಿದು, ಬೆಳಗಾವಿಯಲ್ಲಿ ಸುಡುವುದು ಬರೀ ಹುಲ್ಲು ಎಂದು ಕನ್ನಡದಲ್ಲಿ ತಿಳಿಸಿ ಬಂದಿದ್ದರು. ಫೋಟೊದಲ್ಲಿ ಪಟಕಾದ ಮುದುಕ ಗಂಭೀರವಾಗಿದ್ದಾರೆ, ಟೊಪ್ಪಿಗೆಯ ಮುದುಕನಿಗೆ ಸ್ವಲ್ಪ ಗಾಬರಿ.

ಮಕ್ಕಳಿಬ್ಬರಿಗೆ 24, ತಮಗೆ 5, ಫೋಟೊಗೆ 10. ಒಟ್ಟು 39 ಪೌಂಡ್, ಒಂದೂವರೆ ಟನ್ನಿಗೆ ಚೂರು ಕಮ್ಮಿ. ಇದನ್ನು ಸಾಲವೆಂದೇ ಬರೆದುಕೊಳ್ಳಿ, ಕಬ್ಬಿನ ಬಿಲ್ಲು ಬಂದೊಡನೆ ತೀರಿಸುತ್ತೇನೆ ಎಂದಿದ್ದಾರೆ ಮುತ್ಯಾ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಳಿಸಿದ 14 ದಿನದೊಳಗೆ ಕಾರ್ಖಾನೆ ರೊಕ್ಕ ಕೊಡಬೇಕು, ತಡವಾದರೆ ಶೇಕಡಾ 15ರ ಬಡ್ಡಿ. ಹದಿನಾಲ್ಕು ದಿನ ದಾಟಿದೆ. ಬಡ್ಡಿಯ ವಿಷಯ ಮಗ ಇನ್ನೂ ಎತ್ತಿಲ್ಲ, ಸೊಸೆ ಎತ್ತಿದ್ದಾಳೆ.